ಒಂದು ಸೂತಿಗಿಂತ ಸ್ವಲ್ಪ ಜಾಸ್ತಿ: ಮಿಸ್ತ್ರಿ ಕಾಕಾನ ರೇಸ್ ಜಾವಾ ರಿಪೇರಿ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ದಿನದ ಕೆಲಸ ಪಂಪು, ಟ್ರ್ಯಾಕ್ಟರಿನ ಬಿಡಿಭಾಗ, ಬುಶ್, ಶಾಫ್ಟ್. ಈ ಬೈಕಿನ ಕೆಲಸ ಮಾಡಿದ್ದು ಸಂಜೆ ಏಳರ ಮೇಲೆ ಮತ್ತು ಭಾನುವಾರ. ಕೆಲಸ ನಡೆದ ಹಾಗೇ ಬರೆದಿದ್ದೇನೆ, ತಪ್ಪುಗಳನ್ನೂ ಸೇರಿಸಿ. ಇದೇ ತರದ ಗಾಡಿ ಬಿಚ್ಚುವವರಿಗೆ ಆ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

8 ಅಕ್ಟೋಬರ್ 2023. ಗಾಡಿ ಬಂತು

ಇದನ್ನು ಕಟ್ಟಿದವರು ಊರಿನ ಹಳೆ ಟರ್ನರ್. ಎಲ್ಲರೂ ಮಿಸ್ತ್ರಿ ಕಾಕಾ ಅನ್ನುತ್ತಿದ್ದರು. ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಆಮೇಲೆ ಸ್ಟೇಷನ್ ಹತ್ತಿರ ಸ್ವಂತ ಲೇತ್ ಹಾಕಿಕೊಂಡಿದ್ದರು. ಅವರು ತೀರಿಹೋಗಿ ಬಹಳ ವರ್ಷವಾಯಿತು. ಈಗ ಆ ಶೆಡ್ ಮಾರುತ್ತಿದ್ದಾರೆ. ಅವರ ಮಗಳು ಫೋನ್ ಮಾಡಿದರು. "ಅಪ್ಪನ ಗಾಡಿ ಗುಜರಿಗಿ ಹೋಗಬಾರದ್ರಿ ಅಣ್ಣಾ, ನೀವೇ ಒಯ್ರಿ" ಅಂದರು. 35,000 ರೂಪಾಯಿ ಕೊಟ್ಟೆ.

ಮೂಲ ಮೈಸೂರಿನ ಜಾವಾ 250. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಮಾಡುತ್ತಿದ್ದ ಟೂ ಸ್ಟ್ರೋಕ್ ಗಾಡಿ. 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಆದರೆ ಇದರಲ್ಲಿ ಕಂಪನಿಯದು ಅಂತ ಉಳಿದದ್ದು ಕ್ರ್ಯಾಂಕ್‌ಕೇಸ್, ನಾಲ್ಕು ಗೇರಿನ ಬಾಕ್ಸ್, ಎರಡು ಹಬ್ ಅಷ್ಟೇ. ಫ್ರೇಮ್ ಪೈಪನ್ನು ಹಿತ್ತಾಳೆ ಬ್ರೇಜಿಂಗ್‌ನಲ್ಲಿ ಕೂಡಿಸಿದ್ದಾರೆ. ಒಂದೊಂದು ಜಾಯಿಂಟೂ ಬೆರಳಿನಿಂದ ಸವರಿದ ಹಾಗೆ ನುಣುಪು. ಅಲ್ಯೂಮಿನಿಯಂ ಟ್ಯಾಂಕು ಬಡಿದದ್ದು ತಾಮ್ರದ ಹಂಡೆ ಮಾಡುವ ಕುಶಲಿಗರೊಬ್ಬರು. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮಾತ್ರ ನೋಡಲೇಬೇಕು. ಗಟ್ಟಿ ಅಲ್ಯೂಮಿನಿಯಂ ದಿಂಡನ್ನು ಲೇತಿಗೆ ಕಟ್ಟಿ, ಎಂಟು ಫಿನ್ನುಗಳನ್ನು ಒಂದೊಂದಾಗಿ ಸೀಳಿದ್ದಾರೆ. ಪ್ರತಿ ಫಿನ್ನನ್ನೂ ವರ್ನಿಯರ್ ಹಿಡಿದು ಅಳೆದೆ. ಎಂಟರಲ್ಲೂ 0.1 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಡಿಜಿಟಲ್ ರೀಡ್‌ಔಟ್ ಇಲ್ಲದ ಕಾಲದ ಕೆಲಸ ಇದು.

ಕಿಕ್ ಇಲ್ಲ, ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಡೈನಮೋ ಕಿತ್ತು, ಕ್ರ್ಯಾಂಕಿನ ಬಲ ತುದಿಗೆ ಹಿತ್ತಾಳೆಯ ಒಂದು ಬಿಲ್ಲೆ ಕೂರಿಸಿದ್ದಾರೆ. ಸ್ಪಾರ್ಕ್ ಕೊಡಿಸುವ ಪಾಯಿಂಟ್ ಎತ್ತುವ ಕ್ಯಾಮ್ ಅದರ ಮೇಲೇ ಇದೆ. ಬಿಲ್ಲೆಯ ಮೇಲೆ ಒಂದು ಗೀರು. ಸುತ್ತಲಿನ ಕೇಸ್ ಮೇಲೆ ಮೂರು ಕಡೆ ಡಾಟ್ ಪಂಚ್ ಗುರುತು. ಒಂದು ಸ್ಪಾರ್ಕಿನ ಗುರುತು ಅಂತ ಆಗಲೇ ಗೊತ್ತಾಯಿತು. ಉಳಿದ ಎರಡು ಏನು ಅಂತ ಅರ್ಥವಾಗಲಿಲ್ಲ. ಫೋಟೋ ತೆಗೆದು ಸುಮ್ಮನಾದೆ.

15 ಅಕ್ಟೋಬರ್. ಬಿಚ್ಚಿದ್ದು, ಎರಡು ತಪ್ಪು

ಡೀಸೆಲ್‌ನಲ್ಲಿ ಎರಡು ದಿನ ನೆನೆಸಿ ಬಿಚ್ಚಿದೆ. ಸ್ಟಡ್‌ಗಳು ಸುಲಭವಾಗಿ ಬಂದವು. ಕ್ರ್ಯಾಂಕ್‌ಕೇಸ್ ಮಾತ್ರ ಬಿಡಲಿಲ್ಲ. ತಾಳ್ಮೆ ಕಳೆದುಕೊಂಡು ಪೇಚಕಸ್ ಸಂದಿಗೆ ಹಾಕಿ ಮೀಟಿದೆ. ಪ್ಯಾಕಿಂಗ್ ಕೂರುವ ಮುಖದ ಮೇಲೆ 6 ಮಿ.ಮೀ. ಉದ್ದದ ಗಾಯ ಬಿತ್ತು. ಟೂ ಸ್ಟ್ರೋಕ್‌ನಲ್ಲಿ ಅಲ್ಲಿ ಗಾಳಿ ಎಳೆದರೆ ಪಿಸ್ಟನ್ ಕಚ್ಚಿಕೊಳ್ಳುವುದು ಖಂಡಿತ. ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ, ಗಾಜಿನ ಮೇಲೆ ಎಮರಿ ಇಟ್ಟು ಉಜ್ಜಿ ಸಮ ಮಾಡಿದೆ. 600 ರೂಪಾಯಿ, ಒಂದು ಭಾನುವಾರ. ಕೇಸನ್ನು ಒಂದೇ ಸಮ ಬಿಸಿ ಮಾಡಿ, ಮರದ ಹತೋಡಿಯಿಂದ ಬಡಿದಿದ್ದರೆ ತಾನಾಗಿಯೇ ಬಿಡುತ್ತಿತ್ತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಬ್ಯಾರಲ್ (ಪಿಸ್ಟನ್ ಓಡುವ ಸಿಲಿಂಡರ್) ಕೆಳಗೆ, ಕೇಸ್‌ಗೂ ಬ್ಯಾರಲ್‌ಗೂ ನಡುವೆ ಒಂದು ಅಲ್ಯೂಮಿನಿಯಂ ಪ್ಲೇಟ್ ಇತ್ತು. ಕಪ್ಪಾಗಿ, ತುಕ್ಕಿನ ಬಿಳಿ ಪುಡಿ ಹಿಡಿದು, ಒಂದು ಕಿವಿ ಬಿರುಕು ಬಿಟ್ಟಿತ್ತು. ಕೇಸಿನ ಮುಖ ಕೆಟ್ಟಾಗ ಯಾರೋ ತೇಪೆ ಹಾಕಿದ್ದಾರೆ ಅಂದುಕೊಂಡೆ. ಕೇಸಿನ ಮುಖ ನೋಡಿದರೆ ಚೆನ್ನಾಗಿಯೇ ಇತ್ತು. ಹಾಗಾದರೆ ತೇಪೆ ಯಾಕೆ ಅಂತ ಅಲ್ಲೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ದಪ್ಪ ಅಳೆಯಲೂ ಇಲ್ಲ. ಗುಜರಿ ಚೀಲಕ್ಕೆ ಹಾಕಿದೆ. ವಾರದೊಳಗೆ ಅದು ಗುಜರಿಯವನ ಗಾಡಿ ಹತ್ತಿ ಹೋಯಿತು.

ನವೆಂಬರ್. ಕ್ರ್ಯಾಂಕ್ ಮತ್ತು ಸಾಮಾನು

ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ತುದಿ) ಲೊಡಲೊಡ ಅನ್ನುತ್ತಿತ್ತು. ಕನೆಕ್ಟಿಂಗ್ ರಾಡ್ ಕಂಪನಿಯದಲ್ಲ. ಬೆಣಚಿನಂತೆ ಪಾಲಿಶ್ ಆದ, ಮೈಯೆಲ್ಲ ಅರದ ಸಣ್ಣ ಗೀರು ಉಳಿದ ರಾಡ್. ಲಾರಿಯ ಹಿಂದಿನ ಆಕ್ಸಲ್‌ನಿಂದ ಕಡೆದದ್ದು ಅಂತ ಆಮೇಲೆ ಗೊತ್ತಾಯಿತು. ನ್ಯೂಜಿಲೆಂಡಿನ ಬರ್ಟ್ ಮನ್ರೋ ತನ್ನ 1920ರ ಇಂಡಿಯನ್ ಸ್ಕೌಟಿಗೆ ಪಿಸ್ಟನ್‌ಗಳನ್ನು ತಾನೇ ಎರಕ ಹೊಯ್ದು, ರಾಡ್‌ಗಳನ್ನು ಟ್ರ್ಯಾಕ್ಟರಿನ ಆಕ್ಸಲ್‌ನಿಂದ ಕಡೆದಿದ್ದರು. ಅದೇ ಗಾಡಿ 1967ರಲ್ಲಿ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 184 ಮೈಲಿ ಓಡಿತು. ಅದನ್ನು ಓದಿದ್ದೆ. ಅಂಥದ್ದೇ ಒಂದು ರಾಡ್ ನಮ್ಮ ಊರಿನಲ್ಲಿ, ನನ್ನ ವೈಸ್‌ನಲ್ಲಿ ಇತ್ತು. ಬಿರುಕು ಇದೆಯೇ ಅಂತ ಡೈ ಹಚ್ಚಿ ನೋಡಿದೆ. ಇರಲಿಲ್ಲ. ರಾಡ್ ಉಳಿಸಿಕೊಂಡೆ. ಪಿನ್, ರೋಲರ್, ಮೇನ್ ಬೇರಿಂಗ್ ಮಾತ್ರ ಹೊಸದು.

ಈ ಕ್ರ್ಯಾಂಕಿಗೆ ಪಿನ್ನನ್ನು ಪ್ರೆಸ್‌ನಿಂದ ಒತ್ತಿ ಕೂರಿಸಬೇಕು. ನನ್ನ ಪ್ರೆಸ್‌ಗೆ ಜಿಗ್ ಇಲ್ಲ. ಸೊಲ್ಲಾಪುರದಲ್ಲಿ ಮಾಡಿಸಿದೆ. ಸೆಂಟರ್‌ಗಳ ನಡುವೆ ಇಟ್ಟು ಡಯಲ್ ಗೇಜ್ ಹಚ್ಚಿದಾಗ ಮೊದಲು 0.14 ಮಿ.ಮೀ. ಆಟ ಇತ್ತು. ತಾಮ್ರದ ಹತೋಡಿಯಿಂದ ಬಡಿದು 0.03ಕ್ಕೆ ತಂದರು. ಎಲ್ಲ ಸೇರಿ 5,400.

ನವೆಂಬರ್ 16ಕ್ಕೆ ಹೈದರಾಬಾದಿನ ಜುಮ್ಮೇರಾತ್ ಬಜಾರಿಗೆ ಹೋದೆ. ಗುರುವಾರದ ಸಂತೆ ಅದು. ಗಾಡಿಯ ಮೇಲಿದ್ದ ಮಿಕುನಿ ಕಾರ್ಬುರೇಟರಿನ ಬಾಡಿ ಒಡೆದಿತ್ತು. ಅದೇ ಅಳತೆಯ 28 ಮಿ.ಮೀ. ಮಿಕುನಿ 1,900ಕ್ಕೆ ಸಿಕ್ಕಿತು. ಹೋಗಿಬರುವ ಖರ್ಚು ಸೇರಿ 3,100.

ಡಿಸೆಂಬರ್ ಮೊದಲ ವಾರ. ಬೋರ್

ಬೋರ್ 65.5ಕ್ಕೆ ಸವೆದಿತ್ತು. 66ಕ್ಕೆ ಬೋರಿಂಗ್ ಮತ್ತು ಹೋನಿಂಗ್, 900. ಪಿಸ್ಟನ್ ಕಿಟ್ 2,600. ಪಿಸ್ಟನ್ನಿಗೂ ಬ್ಯಾರಲ್ಲಿಗೂ ನಡುವೆ ಗ್ಯಾಪ್ 0.09 ಮಿ.ಮೀ. ಇಟ್ಟೆ. ಎರಕದ ಕಬ್ಬಿಣದ ಬ್ಯಾರಲ್, ನಮ್ಮ ಬಿಸಿಲು, ರೇಸ್ ಗಾಡಿ ಅಂದರೆ ಇದಕ್ಕಿಂತ ಬಿಗಿ ಬೇಡ.

ಹಳೆ ಪಿಸ್ಟನ್‌ನ ಹಿಂಬದಿಯ ಸ್ಕರ್ಟನ್ನು (ಕೆಳಗಿನ ಅಂಚನ್ನು) ಕಾಕಾ 6 ಮಿ.ಮೀ. ಕತ್ತರಿಸಿದ್ದರು. ಕಾರ್ಬುರೇಟರ್ ಕಡೆಯ ಪೋರ್ಟ್ (ಬ್ಯಾರಲ್ ಗೋಡೆಯಲ್ಲಿ ಪಿಸ್ಟನ್ ಮುಚ್ಚಿ ತೆರೆಯುವ ಕಿಂಡಿ) ಬೇಗ ತೆರೆಯಲಿ ಅಂತ. ಹೊಸದಕ್ಕೂ ಅಷ್ಟೇ ಕತ್ತರಿಸಿದೆ. ಅವರು ಮಾಡಿದ ಒಂದು ಕೆಲಸವನ್ನು ನಂಬಿದೆ, ಇನ್ನೊಂದನ್ನು ಕಸಕ್ಕೆ ಹಾಕಿದೆ. ಮುಂದಿನ ತೊಂದರೆ ಎಲ್ಲ ಅಲ್ಲಿಂದಲೇ ಹುಟ್ಟಿತು.

ಜೋಡಿಸಿ, ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಮೇಲಕ್ಕೆ ಬರುವಾಗ ಟಕ್ ಅಂತ ನಿಂತಿತು. ಪಿಸ್ಟನ್ ಹೆಡ್ಡಿಗೆ ತಾಗುತ್ತಿತ್ತು. ನಿಧಾನ ತಿರುಗಿಸಿದ್ದರಿಂದ ಏನೂ ಒಡೆಯಲಿಲ್ಲ. ಬ್ಯಾರಲ್‌ನ ತಲೆಯನ್ನು ಕಾಕಾ ಮೊದಲೇ ಸೀಳಿ ಗಿಡ್ಡ ಮಾಡಿದ್ದರು. ಕೆಳಗಿನ ಪ್ಲೇಟಿಗೆ ಸರಿಹೊಂದಲಿ ಅಂತ ಮಾಡಿದ್ದದು. ಈಗ ಬರೆಯುವಾಗ ಎಷ್ಟು ಸ್ಪಷ್ಟ ಅಲ್ವಾ? ಆದರೆ ಅವತ್ತು ಹೊಳೆದದ್ದೇ ಬೇರೆ. ಹೆಡ್ಡಿನ ಕೆಳಗೆ 4 ಮಿ.ಮೀ. ಅಲ್ಯೂಮಿನಿಯಂ ಉಂಗುರ ಮಾಡಿಸಿ ಇಟ್ಟೆ. 450 ರೂಪಾಯಿ. ಪಿಸ್ಟನ್ ತಾಗುವುದು ನಿಂತಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ.

24 ಡಿಸೆಂಬರ್. ಮೊದಲ ಸ್ಟಾರ್ಟ್

ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್. ಪಾಯಿಂಟ್ ಗ್ಯಾಪ್ 0.4. ಸ್ಪಾರ್ಕ್ ಪಿಸ್ಟನ್ ಮೇಲೆ ಮುಟ್ಟುವ 3 ಮಿ.ಮೀ. ಮೊದಲು. ಅದು ಕಾಕಾನ ಗುರುತಿಗೆ ಸರಿಯಾಗಿ ಕೂತಿತು. ನನ್ನ ಮಗಳು ಮತ್ತು ಪಕ್ಕದ ಶಾಪಿನ ಹುಡುಗ ಇಬ್ಬರೂ ತಳ್ಳಿದರು. ಮೂರನೇ ಸಲಕ್ಕೆ ಹೊತ್ತಿಕೊಂಡಿತು. ಶಬ್ದ ಕೇಳಿ ಸುತ್ತಲಿನ ಶಾಪಿನವರೆಲ್ಲ ಬಂದು ನಿಂತರು.

ಆದರೆ ಎಳೆತ ಇಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಮೇಲೇರದೆ ಬೋ ಅಂತ ಗೊಣಗುತ್ತಿತ್ತು. ಕೆಳಗಿನ ಓಟದಲ್ಲಿ ಟ್ರ್ಯಾಕ್ಟರಿನ ಹಾಗೆ ದಬ್ಬುತ್ತಿತ್ತು, ಮೇಲೆ ಉಸಿರೇ ಇಲ್ಲ. ಜೊತೆಗೆ ಕಾರ್ಬುರೇಟರಿನ ಬಾಯಿಂದ ಪೆಟ್ರೋಲ್ ಹಿಂದಕ್ಕೆ ಉಗುಳುತ್ತಿತ್ತು. ನನ್ನ ಬಲ ಮೊಣಕಾಲು ಒದ್ದೆ.

ಮುಂದಿನ ಹದಿನಾರು ದಿನ ತಪ್ಪು ಕಡೆಯೇ ಹುಡುಕಿದೆ. ಸಂತೆಯಲ್ಲಿ ಕೊಂಡ ಕಾರ್ಬುರೇಟರ್ ಮೇಲೇ ಅನುಮಾನ. ಪೆಟ್ರೋಲ್ ಹಾಯುವ ಮೇನ್ ಜೆಟ್ 180 ಹಾಕಿದೆ, ಪೆಟ್ರೋಲ್ ಕಡಿಮೆಯಾಗಿ ಪ್ಲಗ್ ಬೆಳ್ಳಗೆ ಬಂತು. 220 ಹಾಕಿದೆ, ಜಾಸ್ತಿಯಾಗಿ ಕಪ್ಪು ಮಸಿ. ಸೂಜಿಯ ಕ್ಲಿಪ್ಪನ್ನು ಐದೂ ಗೀರಿನಲ್ಲಿ ಇಟ್ಟು ನೋಡಿದೆ. ಕಾಯಿಲ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಹೊಟ್ಟೆ ಉಬ್ಬಿದ ಸೈಲೆನ್ಸರಿನ ಒಳಗೆ ಮಸಿ ಕಟ್ಟಿದೆಯೇನೋ ಅಂತ ಸುಟ್ಟು ತೊಳೆದೆ. 2,300 ರೂಪಾಯಿ ಖರ್ಚು, ಪ್ರಯೋಜನ ಸೊನ್ನೆ. ಒಂದೇ ಸಲ ಎರಡೆರಡು ವಸ್ತು ಬದಲಿಸಿದ್ದು ಇನ್ನೊಂದು ತಪ್ಪು. ಯಾವುದರಿಂದ ಏನಾಯಿತು ಅಂತ ತಿಳಿಯಲೇ ಇಲ್ಲ. ಕೊನೆಗೆ ಮಗಳೇ ಒಂದು ನೋಟ್‌ಬುಕ್ ತಂದು, ದಿನಾಂಕ ಹಾಕಿ ಬರೆಯಲು ಶುರು ಮಾಡಿದಳು. ಈ ಬರಹಕ್ಕೆ ಅದೇ ಆಧಾರ.

11 ಜನವರಿ 2024. ಎಳ್ಳು ಅಮಾವಾಸ್ಯೆ

ನಮ್ಮ ಕಡೆ ಅವತ್ತು ಶಾಪ್ ತೆರೆಯುವವರು ಯಾರೂ ಇಲ್ಲ. ಎಲ್ಲರೂ ಹೊಲಕ್ಕೆ. ಚರಗ ಚೆಲ್ಲಿ (ಹೊಲಕ್ಕೆ ಎಡೆ ಎರಚಿ), ಜೋಳದ ಬೆಳೆಯ ನಡುವೆ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ ಉಣ್ಣುವುದು. ಗೆಳೆಯನ ಹೊಲಕ್ಕೆ ಹೋಗಿದ್ದೆ. ಅಲ್ಲಿಗೆ ಅವನ ಸೋದರಮಾವ ಬಂದಿದ್ದರು. ಎಪ್ಪತ್ತು ದಾಟಿದವರು. ಹುಡುಗನಾಗಿದ್ದಾಗ ಮಿಸ್ತ್ರಿ ಕಾಕಾನ ಕೈಕೆಳಗೆ ಹೆಲ್ಪರ್ ಆಗಿದ್ದವರು! ನನಗೆ ಗೊತ್ತೇ ಇರಲಿಲ್ಲ.

ಗಾಡಿಯ ಮಾತು ಬಂದ ಕೂಡಲೇ ಮಾಮಾ ರೊಟ್ಟಿ ಕೆಳಗಿಟ್ಟರು. ಆ ಗಾಡಿಯನ್ನು ಎರಡು ಸಲ ಗುಲ್ಬರ್ಗಾ ಸ್ಟೇಷನ್ನಿನಿಂದ ಮದ್ರಾಸಿಗೆ ರೈಲ್ವೆ ಪಾರ್ಸಲ್ ಮಾಡಿದ್ದರಂತೆ. ಶೋಲಾವರಂನ ಹಳೆ ವಿಮಾನಪಟ್ಟಿಯ ರೇಸಿಗೆ. ಬೊಂಬಾಯಿ ಮದ್ರಾಸ್ ಲೈನ್ ನಮ್ಮೂರ ಮೇಲೇ ಹೋಗುತ್ತದೆ ನೋಡಿ, ಅದೇ ಅನುಕೂಲ. ಮಾಮಾ ಪಾರ್ಸಲ್ ವ್ಯಾನಿಗೆ ಹತ್ತಿಸಿ, ತಾವು ಜನರಲ್ ಬೋಗಿಯಲ್ಲಿ ಹೋಗಿದ್ದರು. ಗೆದ್ದರಾ ಅಂತ ಕೇಳಿದೆ. "ಗೆಲ್ಲಲಿಲ್ಲ. ಆದ್ರ ಎರಡೂ ಸಲ ಕೊನೀ ತನಕ ಓಡ್ತು" ಅಂದರು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾನು ಪೆಟ್ರೋಲ್ ಉಗುಳುವುದನ್ನು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಬ್ಯಾರಲ್ ಬುಡಕಿನ ಪಟ್ಟಿ ಎಲ್ಲಿ ಅದ?"

ತೆಗೆದೆ ಅಂದೆ.

"ಅದ್ಯಾಕ ತಗದಿ ತಮ್ಮಾ? ಅದಕ್ಕ ಎರಡು ತಿಂಗಳ ಹತ್ತಿತ್ತು ಅವರಿಗಿ."

ದಪ್ಪ ಎಷ್ಟಿತ್ತು ಅಂತ ಕೇಳಿದೆ. ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದರು. "ಒಂದು ಸೂತಿಗಿಂತ ಸ್ವಲ್ಪ ಜಾಸ್ತಿ. ಲೆಕ್ಕ ನನಗ್ಯಾಕ ಕೇಳ್ತಿ, ಕೇಸ್ ಮ್ಯಾಲ ಮೂರು ಗುದ್ದು ಅವ ಅಲ್ಲ? ಎಲ್ಲಾ ಅಲ್ಲೇ ಬರದಿಟ್ಟಾರ."

ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಊಟ ಮುಗಿಸಿ ನೇರ ಶಾಪಿಗೆ ಬಂದೆ. ಗುಜರಿ ಅಂಗಡಿಗೂ ಹೋಗಿ ಕೇಳಿದೆ. ಆ ಮಾಲು ಕರಗಿಸಲು ಹೋಗಿ ಎರಡು ತಿಂಗಳಾಗಿತ್ತು.

13 ಜನವರಿ. ಗುರುತು ಓದಿದ್ದು

ಹೆಡ್ ತೆಗೆದು, ಕ್ರ್ಯಾಂಕಿನ ತುದಿಗೆ ಡಿಗ್ರಿ ಬಿಲ್ಲೆ ಕಟ್ಟಿದೆ. ಬಿಲ್ಲೆ ಅಂದರೆ ಮಗಳು ಪ್ರಿಂಟ್ ತೆಗೆಸಿ, ಹಳೆ ಸಿಡಿಗೆ ಅಂಟಿಸಿದ್ದು. ಬ್ಯಾರಲ್ ಮೇಲೆ ಸ್ಟ್ಯಾಂಡ್ ಇಟ್ಟು, ಪಿಸ್ಟನ್ ಮೇಲೆ ಡಯಲ್ ಗೇಜಿನ ಮೂಗು.

ಮೊದಲ ಗುದ್ದಿಗೆ ಗೀರು ಕೂಡಿಸಿದೆ. ಪಿಸ್ಟನ್ ತುದಿ ಮುಟ್ಟಿ 90 ಡಿಗ್ರಿ ಇಳಿದಿತ್ತು. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ಇನ್ನೂ ಮುಚ್ಚಿತ್ತು. ಹಾಗೇ ಇಳಿಸುತ್ತ ಹೋದೆ. ಪೋರ್ಟ್ ಕೂದಲೆಳೆಯಷ್ಟು ತೆರೆದದ್ದು 96 ಡಿಗ್ರಿಯಲ್ಲಿ. ಗುರುತಿನಿಂದ ಅಲ್ಲಿಗೆ ಪಿಸ್ಟನ್ ಇಳಿದದ್ದು 3.86 ಮಿ.ಮೀ.

ಎರಡನೇ ಗುದ್ದು 117 ಡಿಗ್ರಿ. ಇದು ಕೇಸಿನಿಂದ ಮಿಶ್ರಣ ಮೇಲೆ ಬರುವ ಪೋರ್ಟಿನದು. ಟ್ರಾನ್ಸ್‌ಫರ್ ಪೋರ್ಟ್ ತೆರೆದದ್ದು 125ರಲ್ಲಿ. ಇಳಿದದ್ದು 3.84.

ಬೇರೆ ಬೇರೆ ಎರಡು ಪೋರ್ಟ್, ಬೇರೆ ಬೇರೆ ಎರಡು ಗುರುತು, ಉತ್ತರ ಒಂದೇ. ಮೂರು ಸಲ ಅಳೆದೆ. ಆ ಗುದ್ದುಗಳು ಪೋರ್ಟ್ ತೆರೆಯಬೇಕಾದ ಜಾಗ. ಅಂದರೆ ಬ್ಯಾರಲ್ 3.85 ಮಿ.ಮೀ. ಕೆಳಗೆ ಕೂತಿದೆ. ಆ ರಾತ್ರಿ ಬಹಳ ಹೊತ್ತು ಕೇಸ್ ಮುಂದೆಯೇ ಕೂತಿದ್ದೆ. ಒಂದು ಕಾಗದ ಬಿಟ್ಟುಹೋಗದ ಮನುಷ್ಯ, ಮೂರು ಪಂಚ್ ಏಟಿನಲ್ಲಿ ಇಡೀ ಎಂಜಿನ್ನಿನ ಲೆಕ್ಕ ಬಿಟ್ಟುಹೋಗಿದ್ದರು.

ಪೆಟ್ರೋಲ್ ಉಗುಳಿದ್ದರ ಕಾರಣವೂ ಆಗ ತಿಳಿಯಿತು. ಬ್ಯಾರಲ್ ಕೆಳಗೆ ಬಂದಾಗ ಕಾರ್ಬುರೇಟರ್ ಪೋರ್ಟೂ ಕೆಳಗೆ ಬಂತು. ಸ್ಕರ್ಟ್ ಮೊದಲೇ ಗಿಡ್ಡ. ಪೋರ್ಟ್ ಮುಚ್ಚುವುದು ತಡವಾಗಿ, ಒಳಗೆ ಹೋದ ಮಿಶ್ರಣ ಹಿಂದಕ್ಕೆ ಬರುತ್ತಿತ್ತು. ಕಾರ್ಬುರೇಟರಿನ ತಪ್ಪು ಏನೂ ಇರಲಿಲ್ಲ.

14ರಿಂದ 21 ಜನವರಿ. ಪ್ಲೇಟ್

ಪ್ಲೇಟ್ ಹಾಕಿದರೆ ಕೆಳಗೊಂದು ಮೇಲೊಂದು, ಎರಡು ಪ್ಯಾಕಿಂಗ್ ಬೇಕು. ಬಿಗಿ ಮಾಡಿದ ಮೇಲೆ ನನ್ನ ಪ್ಯಾಕಿಂಗ್ 0.35 ಉಳಿಯುತ್ತದೆ. ಒಂದು ಮೊದಲೇ ಇದೆ. ಹೆಚ್ಚಿನದೊಂದನ್ನು ಕಳೆದರೆ ಪ್ಲೇಟಿಗೆ 3.5 ಮಿ.ಮೀ. ಒಂದು ಸೂತಿಗಿಂತ ಸ್ವಲ್ಪ ಜಾಸ್ತಿ, ಮಾಮಾ ಹೇಳಿದ ಹಾಗೇ.

ಮೊದಲ ಪ್ಲೇಟ್ ಕೆಟ್ಟಿತು. 6 ಮಿ.ಮೀ. ಹಾಳೆಯನ್ನು ಮೊದಲು ಲೇತಿನಲ್ಲಿ 3.5ಕ್ಕೆ ತಂದು, ಆಮೇಲೆ ಟ್ರಾನ್ಸ್‌ಫರ್ ದಾರಿ ಕತ್ತರಿಸಿದೆ. ಕತ್ತರಿಸಿದ ಕೂಡಲೇ ಅದು ಸೊಟ್ಟಗಾಯಿತು, ಅಂಚಿನಿಂದ ಅಂಚಿಗೆ 0.12 ವ್ಯತ್ಯಾಸ. ಎರಡನೆಯದಕ್ಕೆ ಕ್ರಮ ಬದಲಿಸಿದೆ. ಮೊದಲು ಒಳಗಿನ ತೂತು, ಟ್ರಾನ್ಸ್‌ಫರ್ ದಾರಿ, ಸ್ಟಡ್ ತೂತು ಎಲ್ಲ ಗರಗಸ ಮತ್ತು ಅರದಲ್ಲಿ ಮುಗಿಸಿದೆ. ಒಂದು ರಾತ್ರಿ ಹಾಗೇ ಬಿಟ್ಟೆ. ಮರುದಿನ ನಾಲ್ಕು ದವಡೆಯ ಚಕ್‌ನಲ್ಲಿ ಹಗುರಾಗಿ ಹಿಡಿದು ಎರಡೂ ಮುಖ ಸವರಿ 3.55ಕ್ಕೆ ತಂದೆ. ಉಳಿದ 0.05ನ್ನು ಗಾಜಿನ ಮೇಲೆ 220 ಎಮರಿಯಲ್ಲಿ ಉಜ್ಜಿದೆ. ಮೂರು ಮೂಲೆ 3.50, ಒಂದು ಮಾತ್ರ 3.49. ಎರಡು ಪ್ಲೇಟಿನ ಸಾಮಾನು 700 ರೂಪಾಯಿ.

ಟ್ರಾನ್ಸ್‌ಫರ್ ದಾರಿಯಲ್ಲಿ ಕೇಸ್, ಪ್ಲೇಟ್, ಬ್ಯಾರಲ್ ಮೂರರ ಅಂಚೂ ಬೆರಳಿಗೆ ತಾಗದ ಹಾಗೆ ಸೇರಬೇಕು. ಅದಕ್ಕೇ ಎರಡು ಸಂಜೆ ಹೋಯಿತು. ಪ್ಲೇಟಿನ ಹೊರ ಅಂಚಿನಲ್ಲಿ ನಂಬರ್ ಪಂಚ್‌ನಿಂದ 3.5 ಅಂತ ಹೊಡೆದಿದ್ದೇನೆ. ನನ್ನ ನಂತರ ಬಿಚ್ಚುವವರು ಇದನ್ನು ತೇಪೆ ಅಂದುಕೊಳ್ಳಬಾರದು.

ಹೆಡ್ ಕೆಳಗಿನ 4 ಮಿ.ಮೀ. ಉಂಗುರ ತೆಗೆದೆ. ಮತ್ತೆ ಅಳೆದೆ. ಎಕ್ಸಾಸ್ಟ್ 90, ಟ್ರಾನ್ಸ್‌ಫರ್ 117. ಪಿಸ್ಟನ್ ಎಲ್ಲೂ ತಾಗುವುದಿಲ್ಲ.

28 ಜನವರಿ. ಓಟ

ಗಾಡಿಗೆ ನಂಬರ್ ಇಲ್ಲ, ಲೈಟ್ ಇಲ್ಲ. ರಸ್ತೆಗೆ ತರುವಂತಿಲ್ಲ. ಶಹಾಬಾದ್ ಕಡೆ ಪರಿಚಯದವರ ಪರಸಿ ಕಲ್ಲಿನ ಖಣಿ ಇದೆ. ಅಲ್ಲಿಯ ಒಳದಾರಿ ಒಂದು ಕಿ.ಮೀ. ನೇರ. ಭಾನುವಾರ ಲಾರಿ ಓಡುವುದಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ಮಾಮಾ ಕೂಡ ಬಂದರು.

ಒಂದೇ ತಳ್ಳಿಗೆ ಹೊತ್ತಿತು. ಮೇನ್ ಜೆಟ್ 200. ಕಾರ್ಬುರೇಟರ್ ಬಾಯಿ ಒಣಗಿತ್ತು. ಹತ್ತು ನಿಮಿಷ ನಿಧಾನವಾಗಿ ಓಡಿಸಿ ಬಿಸಿ ಮಾಡಿ, ಹೆಲ್ಮೆಟ್ ಬಿಗಿ ಮಾಡಿಕೊಂಡು ಹೊರಟೆ. 4,000 ಆರ್‌ಪಿಎಂ ತನಕ ಸಪ್ಪೆ. ಅದು ದಾಟಿದ ಕೂಡಲೇ ಶಬ್ದ ಬದಲಾಯಿತು, ಮುಂದಿನ ಚಕ್ರ ಹಗುರಾಯಿತು. ಹದಿನಾರು ದಿನ ಗೊಣಗಿದ ಎಂಜಿನ್ ಇದೇನಾ ಅನ್ನಿಸಿತು. ಮೂರನೇ ಗೇರಿನ ಕೊನೆಗೆ ದಾರಿ ಮುಗಿಯಿತು. ಫೋನಿನ ಜಿಪಿಎಸ್ 109 ಕಿ.ಮೀ. ತೋರಿಸಿತು. ಪ್ಲಗ್ ಬಿಚ್ಚಿ ನೋಡಿದರೆ ಹುರಿದ ಶೇಂಗಾದ ಬಣ್ಣ.

ಮಾಮಾ ದಾರಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದರು. ನಾನು ನಿಲ್ಲಿಸಿದಾಗ ಎದ್ದು ಬಂದು, ಟ್ಯಾಂಕಿನ ಮೇಲೆ ಕೈಯಿಟ್ಟು, "ಇದೇ ದನಿ ಇತ್ತು" ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಲೆಕ್ಕ, ಉಳಿದ ಕೆಲಸ

ಮೇಲೆ ಬರೆದದ್ದಲ್ಲದೆ ಟೈರು ಟ್ಯೂಬು 5,200, ಚೈನ್ ಸ್ಪ್ರಾಕೆಟ್ 1,750, ಕ್ಲಚ್ ಪ್ಲೇಟ್ 1,100, ಕೇಬಲ್ಲು ಚಿಲ್ಲರೆ 1,900. ರಿಪೇರಿ ಒಟ್ಟು 26,000. ಗಾಡಿ ಸೇರಿ 61,000. ಅದರಲ್ಲಿ 4,050 ನನ್ನ ತಪ್ಪಿಗೇ ಹೋಗಿದೆ: ವೆಲ್ಡಿಂಗ್, ಉಂಗುರ, ಬೇಡದ ಜೆಟ್ಟು ಕಾಯಿಲ್ಲು, ಮತ್ತೆ ಮಾಡಿದ ಪ್ಲೇಟ್.

ಬಣ್ಣ ಹಚ್ಚಿಲ್ಲ. ಟ್ಯಾಂಕಿನ ಮೇಲೆ ಹತೋಡಿಯ ಗುರುತು ಕಾಣುತ್ತದೆ, ಕಾಣಲಿ.

ಎರಡನೇ ಗೇರ್ ಆಕ್ಸಿಲರೇಟರ್ ಬಿಟ್ಟಾಗ ಒಮ್ಮೊಮ್ಮೆ ಜಾರುತ್ತಿದೆ. ಹೋಳಿ ಆಗಿ, ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಗೇರ್‌ಬಾಕ್ಸ್ ತೆರೆಯುತ್ತೇನೆ. ಒಳಗೆ ಯಾವುದಾದರೂ ವಾಷರ್ ಹೆಚ್ಚಿಗೆ ಕಂಡರೆ ಮೊದಲು ಮೈಕ್ರೋಮೀಟರ್ ಹಚ್ಚಿ ನೋಟ್‌ಬುಕ್ಕಿಗೆ ಬರೆದು, ಮಾಮಾನಿಗೆ ಫೋನ್ ಮಾಡುತ್ತೇನೆ.